ಮೊರ ಆಡಿಸಿದವರಿಗೆ, ತಗಡು ಅಲ್ಲಾಡಿಸಿದವರಿಗೆ

ಕಳೆದ ಭಾನುವಾರ ನಮ್ಮ ಗುಂಪಿನ ಐವತ್ತನೇ ಬಾನುಲಿ ನಾಟಕ ಮುಗಿಯಿತು. ಹಳೇ ಕಾಲದ ರೀತಿಯಲ್ಲೇ ಆಡಿದೆವು. ಒಂದೇ ಮೈಕು, ಒಂದೇ ಸಲ. ಮಧ್ಯೆ ನಿಲ್ಲಿಸುವ ಹಾಗಿಲ್ಲ, ಆಮೇಲೆ ತಿದ್ದುವ ಹಾಗೂ ಇಲ್ಲ. ಕೊನೆಗೆ ಪಾತ್ರಧಾರಿಗಳ ಹೆಸರು ಓದಿದೆವು. ಅರ್ಧ ನಿಮಿಷ ಹಿಡಿಯಿತು ಅಷ್ಟೇ. ಆ ಅರ್ಧ ನಿಮಿಷದಲ್ಲಿ ಹೆಸರು ಬರದವರು ಎಷ್ಟೋ ಜನ ಇದ್ದಾರೆ. ಅವರಿಗೆ ಥ್ಯಾಂಕ್ಸ್ ಹೇಳಬೇಕು ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲು ಮೇಷ್ಟ್ರು. ಟೇಪಿನ ಕಾಲದಲ್ಲಿ ಕೆಲಸ ಮಾಡಿದವರು. ಹೆಸರು ಹಾಕಬೇಡಪ್ಪ ಅಂದಿದ್ದಾರೆ. ಅವರ ಮನೆಯಲ್ಲಿ ಇನ್ನೂ ಒಂದು ಸ್ಪೂಲ್ ಮೆಷಿನ್, ಅಂದರೆ ಎರಡು ಚಕ್ರಕ್ಕೆ ಟೇಪು ಸುತ್ತುವ ಹಳೇ ರೆಕಾರ್ಡರ್, ಇದೆ. ಅದರಲ್ಲಿ ಟೇಪು ಸೆಕೆಂಡಿಗೆ 7.5 ಇಂಚು ಓಡುತ್ತದೆ. ಅರ್ಧ ಸೆಕೆಂಡಿನ ಕೆಮ್ಮು ತೆಗೆಯಬೇಕು ಅಂದರೆ ಹೆಚ್ಚು ಕಮ್ಮಿ ನಾಲ್ಕು ಇಂಚು ಕತ್ತರಿಸಬೇಕು. ಎರಡೂ ಸ್ಪೂಲನ್ನು ಕೈಯಲ್ಲಿ ಹಿಡಿದು ನಿಧಾನಕ್ಕೆ ಹಿಂದೆ ಮುಂದೆ ತಿರುಗಿಸುತ್ತಾರೆ. ಮಾತು ಗೊರಗೊರ ಅನ್ನುತ್ತದೆ. ಆ ಗೊರಗೊರದಲ್ಲೇ ಕೆಮ್ಮು ಶುರುವಾಗುವ ಜಾಗ ಹುಡುಕಿ ಹಳದಿ ಪೆನ್ಸಿಲ್‌ನಲ್ಲಿ ಗುರುತು ಹಾಕಿ, ಬ್ಲೇಡಿನಿಂದ ಓರೆಯಾಗಿ ಕೊಯ್ಯುತ್ತಾರೆ. ನೇರಕ್ಕೆ ಕೊಯ್ದರೆ ಸೇರಿಸಿದ ಕಡೆ ಟಕ್ ಅಂತ ಕೇಳುವುದು ಜಾಸ್ತಿ.

ಒಂದು ದಿನ ನಾನು ಕೆಮ್ಮಿನ ಜೊತೆಗೆ ಅದರ ಪಕ್ಕದ ಉಸಿರನ್ನೂ ಕತ್ತರಿಸಿಬಿಟ್ಟೆ. ಮೇಷ್ಟ್ರು ಕಸದ ಬುಟ್ಟಿಗೆ ಕೈ ಹಾಕಿ ಆ ಎರಡು ಇಂಚಿನ ಚೂರನ್ನು ಹುಡುಕಿ ತೆಗೆದರು. ವಾಪಸ್ ಅಂಟಿಸಿ ಕೇಳಿಸಿದರು. "ಉಸಿರು ತೆಗೆದರೆ ಮನುಷ್ಯ ಮಾತಾಡಿದ ಹಾಗೆ ಇರಲ್ಲ ಕಣಪ್ಪ" ಅಂದರು. ನಿಜ. ಉಸಿರಿಲ್ಲದ ಮಾತು ಕೇಳುವವರಿಗೆ ಸುಸ್ತು ತರುತ್ತದೆ. ಈಗ ಕಂಪ್ಯೂಟರಿನಲ್ಲಿ ಎಡಿಟ್ ಮಾಡುವಾಗಲೂ ಆ ಎರಡು ಇಂಚು ನನ್ನ ಕಣ್ಣ ಮುಂದೆ ಬರುತ್ತದೆ. ಮೇಷ್ಟ್ರೇ, ನಿಮಗೆ ನಮಸ್ಕಾರ.

ತಗಡಿನ ಅಂಗಡಿ ಸಾಹೇಬರು. ನಾಟಕದಲ್ಲಿ ಗುಡುಗಿನ ಸದ್ದಿಗೆ ಆರಡಿ ಉದ್ದದ ತೆಳು ತಗಡು ಬೇಕಿತ್ತು. ತೂಗುಹಾಕಿ, ಕೆಳಗಿನ ತುದಿ ಹಿಡಿದು ಅಲ್ಲಾಡಿಸಿದರೆ ಗುಡುಗು ಬರುತ್ತದೆ. ದಪ್ಪ ತಗಡಾದರೆ ಬರೀ ಗಡಗಡ. ಸಾಹೇಬರು ಮೂರು ತಗಡು ಇಳಿಸಿ, ಒಂದೊಂದನ್ನೂ ತಾವೇ ಅಲ್ಲಾಡಿಸಿ, ಕಣ್ಣು ಮುಚ್ಚಿ ಕೇಳಿದರು. ಮೂರನೆಯದಕ್ಕೆ, "ಇದು ದೂರದ್ದು, ಚಾಮುಂಡಿ ಬೆಟ್ಟದ ಆಕಡೆ ಗುಡುಗಿದ್ದು" ಅಂದರು. ಅದನ್ನೇ ತಂದೆವು.

ಮೊರಕ್ಕೆ ಕಾಗದ ಅಂಟಿಸಿ, ರಾಗಿ ಹಾಕಿ, ನಾಲ್ಕು ನಿಮಿಷ ಒಂದೇ ಸಮನೆ ಮಳೆ ಸುರಿಸಿದ ತಂಗಿಗೆ ಥ್ಯಾಂಕ್ಸ್. ಕೈ ನೋಯುತ್ತಿದ್ದರೂ ಮಳೆ ಒಂದು ಸಲವೂ ತಪ್ಪಲಿಲ್ಲ. ತೆಂಗಿನ ಚಿಪ್ಪಿನಲ್ಲಿ ಕುದುರೆ ಓಡಿಸಿದ ಇಬ್ಬರು ಹುಡುಗರಿಗೂ. ಮಣ್ಣಿನ ರಸ್ತೆಗೆ ಮರಳಿನ ತಟ್ಟೆ, ಪೇಟೆ ಬೀದಿಗೆ ಕಡಪ ಕಲ್ಲು, ಎಲ್ಲಿ ಯಾವುದು ಅಂತ ಅವರೇ ಯೋಚನೆ ಮಾಡಿದ್ದು.

ಈಗ ಅಜ್ಜಿಯ ವಿಷಯ. ಮೂರು ವರ್ಷದ ಹಿಂದೆ ನಾಟಕಕ್ಕೆ ಅಂತ ನಾವು ಮಾತಾಡಿಕೊಂಡಿದ್ದ ಹಾಲ್ ಹಿಂದಿನ ದಿನ ಇಲ್ಲ ಅಂದುಬಿಟ್ಟರು. ಗುಂಪೇ ಒಡೆದುಹೋಗುತ್ತೇನೋ ಅನ್ನಿಸಿತ್ತು. ಆಗ ಮೈಸೂರಿನ ಒಂಟಿಕೊಪ್ಪಲಿನ ಅಜ್ಜಿಯೊಬ್ಬರು ತಮ್ಮ ಮನೆಯ ಹಜಾರ ಬಿಟ್ಟುಕೊಟ್ಟರು. "ಫ್ಯಾನು ಹಾಕಬೇಡಿ ಅಂದರೆ ಹಾಕಲ್ಲ. ಕುಕ್ಕರ್ ಮಾತ್ರ ನಿಲ್ಲಿಸೋಕೆ ಆಗಲ್ಲ, ಮೂರು ಸೀಟಿ ಆದಮೇಲೆ ಶುರು ಮಾಡಿಕೊಳ್ಳಿ" ಅಂದರು. ಅಂದಿನಿಂದ ನಮ್ಮ ಎಲ್ಲ ನಾಟಕಗಳೂ ಆ ಮೂರನೇ ಸೀಟಿಯ ನಂತರವೇ.

ಮೈಸೂರಿನಲ್ಲಿ ರೇಡಿಯೊ ಹುಟ್ಟಿದ್ದೂ ಮನೆಯಲ್ಲೇ ಅಲ್ವಾ? ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರ ಕಲಿಸುತ್ತಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರ್‌ನಲ್ಲಿ ತಮ್ಮ 'ವಿಠ್ಠಲ ವಿಹಾರ'ದಿಂದ ಪ್ರಸಾರ ಶುರು ಮಾಡಿದರು. ಟ್ರಾನ್ಸ್‌ಮಿಟರ್ ಬರೀ 30 ವ್ಯಾಟ್‌ನದು. ನಮ್ಮ ಹಳೇ 40 ವ್ಯಾಟ್ ಬಲ್ಬಿಗಿಂತಲೂ ಕಮ್ಮಿ. 'ಆಕಾಶವಾಣಿ' ಅನ್ನುವ ಹೆಸರು ಆ ಮನೆಯದ್ದು. ಮುಂದೆ ಇಡೀ ದೇಶದ ರೇಡಿಯೊಗೆ ಅದೇ ಹೆಸರಾಯಿತು. ಆಗ ಟೇಪು ಇನ್ನೂ ನಮ್ಮ ಕಡೆಗೆ ಬಂದಿರಲಿಲ್ಲ. ಗ್ರಾಮಫೋನ್ ತಟ್ಟೆ ಬಿಟ್ಟರೆ, ಮೈಕಿನ ಮುಂದೆ ಹಾಡಿದ್ದು, ಆಡಿದ್ದು ಎಲ್ಲ ಆ ಗಳಿಗೆಯಲ್ಲೇ ಕೇಳುವವರ ಕಿವಿಗೆ. ಆ ಮನೆಯಲ್ಲೂ ಯಾರೋ ಬಾಗಿಲು ಸದ್ದಾಗದ ಹಾಗೆ ಹಾಕಿರಬೇಕು. ಯಾರೋ ಮಗುವನ್ನು ಹಿತ್ತಲಿಗೆ ಎತ್ತಿಕೊಂಡು ಹೋಗಿರಬೇಕು. ಅಜ್ಜಿಯ ಹಜಾರದಲ್ಲಿ ಬೆವರುತ್ತಾ ನಿಂತಾಗೆಲ್ಲ ನನಗೆ ಅವರ ನೆನಪೇ ಬರುತ್ತದೆ.

ಕೊನೆಗೆ, ಚಿಲಕದ ಹುಡುಗ. ಮರದ ಚೌಕಟ್ಟಿಗೆ ಕೂರಿಸಿದ ಒಂದು ಚಿಲಕ ತೆಗೆದು ಹಾಕುವುದಷ್ಟೇ ಅವನ ಕೆಲಸ. ಭಾನುವಾರದ ನಾಟಕದಲ್ಲಿ ಮಗ ಮನೆ ಬಿಟ್ಟು ಹೋಗುವ ಜಾಗ ಬಂತು. ಚಿಲಕ ಟಪ್ ಅಂತ ಹಾಕಬೇಕಿತ್ತು. ಅವನು ಒಂದು ಕ್ಷಣ ತಡೆದು, ಮೆತ್ತಗೆ ಹಾಕಿದ. ಸ್ಕ್ರಿಪ್ಟಿನಲ್ಲಿ ಹಾಗೆ ಇರಲಿಲ್ಲ. ತಾಯಿಯ ಪಾತ್ರ ಮಾಡುತ್ತಿದ್ದವರ ಗಂಟಲು ಕಟ್ಟಿತು. ಮುಂದಿನ ಮಾತು ಅವರು ಬರೀ ಉಸಿರಿನಲ್ಲೇ ಆಡಿದರು. ಪುಟ್ಟಾ, ಅದು ನಿನ್ನಿಂದ ಆಗಿದ್ದು.

ಮುಂದಿನ ಭಾನುವಾರ ಬೆಳಿಗ್ಗೆ ಹತ್ತಕ್ಕೆ ರಿಹರ್ಸಲ್. ಹೊಸ ನಾಟಕದಲ್ಲಿ ಮಳೆ ಜಾಸ್ತಿ ಇದೆ. ಇನ್ನೊಂದು ಮೊರ ಇರುವವರು ದಯವಿಟ್ಟು ತನ್ನಿ.