ಕಲ್ಪನೆನ ಸುದ್ದಿ ಅಂತ ಹಾಕ್ಬೇಡಿ, ಕಲೆ ಅಂತಾನೇ ಹಾಕಿ

ಸಂಪಾದಕರಿಗೆ ನಮಸ್ಕಾರ,

ಕೃತಕ ಗರ್ಭದ ಫ್ಯಾಕ್ಟರಿ, ಅಂದ್ರೆ ತಾಯಿ ಹೊಟ್ಟೆ ಬದಲು ಯಂತ್ರದಲ್ಲೇ ಮಗು ಬೆಳೆಸೋ ಜಾಗದ ಬಗ್ಗೆ ನಿಮ್ಮ ಪೇಪರ್‌ನಲ್ಲಿ ಬಂದಿದ್ದು ಓದ್ದೆ. ಸಾಲುಸಾಲು ಪಾಡ್‌ಗಳು (ಗಾಜಿನ ಗೂಡಿನ ಥರದವು), ಒಳಗೆ ಮಕ್ಕಳು, ವರ್ಷಕ್ಕೆ 30,000 ಹೆರಿಗೆ ಅಂತೆಲ್ಲ ಬರೆದಿದೀರಿ, ಆದ್ರೆ ಅದು 2022ರ ಡಿಸೆಂಬರ್‌ನಲ್ಲಿ ಹಾಶೆಮ್ ಅಲ್-ಘೈಲಿ ಅನ್ನೋರು ಬಿಟ್ಟ ಎಕ್ಟೋಲೈಫ್ ಅನ್ನೋ ಆನಿಮೇಷನ್ ವಿಡಿಯೋ ಸ್ವಾಮಿ, ಅಂಥ ಕಟ್ಟಡ ಎಲ್ಲೂ ಇಲ್ಲ. ನಿಜವಾಗಿ ಆಗಿರೋದು ಅಂದ್ರೆ 2017ರಲ್ಲಿ ಫಿಲಡೆಲ್ಫಿಯಾದ ಮಕ್ಕಳ ಆಸ್ಪತ್ರೆಯವ್ರು ದಿನ ತುಂಬದ ಕುರಿಮರಿಗಳನ್ನ ದ್ರವ ತುಂಬಿದ ಚೀಲದಲ್ಲಿ ನಾಲ್ಕು ವಾರದವರೆಗೆ ಬದುಕಿಸಿದ್ದು. ಅದೂ ಅವಧಿಗೆ ಮುಂಚೆ ಹುಟ್ಟೋ ಕೂಸುಗಳಿಗೋಸ್ಕರ, ಬಸಿರನ್ನೇ ಬೇಡ ಅನ್ನೋಕಲ್ಲ.

ಹಾಗಂತ ಈ ಥರದ ಕಲೆನೇ ಬೇಡ ಅಂತಿಲ್ಲ ನಾನು, ಬೇಕು, ಆದ್ರೆ ಆ ವಿಡಿಯೋ ಜಾಹೀರಾತಿನ ಥರ ಇದೆ, ಮಗುವಿನ ಜೀನ್ ತಿದ್ದಿಸ್ಕೊಳೋಕೆ ಎಲೀಟ್ ಪ್ಯಾಕೇಜ್ ಅಂತೆ! ಅದ್ರ ಪಕ್ಕದಲ್ಲಿ ಜಪಾನಿನ ಕಲಾವಿದೆ ಆಯ್ ಹಸೆಗಾವಾ 2015ರಲ್ಲಿ ಮಾಡಿದ್ದನ್ನ ಇಟ್ಟು ನೋಡಿ. ಅವ್ರು ಜೋಡಿಯಾಗಿ ಬಾಳ್ತಿದ್ದ ಇಬ್ರು ಹೆಂಗಸರ ಡಿಎನ್‌ಎ ಮಾಹಿತಿ ತಗೊಂಡು, ಇವರಿಬ್ರಿಗೇ ಮಗು ಆದ್ರೆ ಹೇಗಿರಬಹುದು ಅಂತ ಕಂಪ್ಯೂಟರ್‌ನಲ್ಲಿ ಲೆಕ್ಕ ಹಾಕಿ ಫ್ಯಾಮಿಲಿ ಫೋಟೋನೇ ಮಾಡ್ಬಿಟ್ರು. ಫೋಟೋದಲ್ಲಿರೋ ಮಕ್ಕಳೆಲ್ಲ ಹುಡುಗಿಯರೇ, ಯಾಕಂದ್ರೆ ಇಬ್ರು ಅಮ್ಮಂದಿರ ಹತ್ರಾನೂ ವೈ ಕ್ರೋಮೋಸೋಮ್ ಇಲ್ಲ, ಗಂಡುಮಗು ಹುಟ್ಟೋ ಮಾತೇ ಇಲ್ಲ. ಇಷ್ಟು ಸಣ್ಣ ವಿಷಯ, ಆದ್ರೆ ನೋಡಿದ ತಕ್ಷಣ ನಂಗೆ ಇದು ಸುಮ್ನೆ ಗ್ರಾಫಿಕ್ಸ್ ಅಲ್ಲ ಅನ್ನಿಸ್ತು, ಇಂಥ ಮಕ್ಕಳು ಹುಟ್ಟೋಕೆ ಬಿಡಬೇಕಾ ಬೇಡ್ವಾ ಅಂತ ಹೇಳೋಕೆ ಯಾರಿಗೆ ಹಕ್ಕಿದೆ ಅಂತ ಕೇಳುತ್ತೆ ಅದು, ನಮ್ಮನ್ನ ಗಿರಾಕಿ ಮಾಡಲ್ಲ. ಅಂಥ ದಿನ ಬರಬಹುದೇನೋ ಅನ್ನೋ ಹಾಗೆ ಮುಂದಿನ ವರ್ಷ, 2016ರಲ್ಲಿ, ಜಪಾನ್‌ನಲ್ಲೇ ಇಲಿಯ ಚರ್ಮದ ಕೋಶದಿಂದ ಲ್ಯಾಬ್‌ನಲ್ಲಿ ಅಂಡಾಣು ಮಾಡಿ ಮರಿನೂ ಹುಟ್ಟಿಸಿದ್ರು, ಮನುಷ್ಯರಲ್ಲಿ ಹೀಗೆ ಮಗು ಹುಟ್ಟಿಲ್ಲ, ಆದ್ರೆ ಪ್ರಶ್ನೆ ಕೇಳೋಕೆ ಇದಕ್ಕಿಂತ ಸರಿಯಾದ ಟೈಮ್ ಯಾವ್ದು?

2018ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಲೀಸಾ ಮಾಂಡೆಮೇಕರ್ ಅನ್ನೋ ಡಿಸೈನರ್ ಕೃತಕ ಗರ್ಭ ಅಂತ ದೊಡ್ಡ ದೊಡ್ಡ ಕೆಂಪು ಬಲೂನು ತೋರಿಸಿದ್ರು. ಅದನ್ನ ನೋಡಿ ನಿಜವಾದ ಮೆಷಿನ್ ಅಂತ ಯಾರೂ ಮೋಸ ಹೋಗಲ್ಲ, ಒಳಗೆ ಏನಿರಬೇಕು, ಆಫ್ ಮಾಡೋ ಸ್ವಿಚ್ ಯಾರ ಕೈಲಿರಬೇಕು ಅಂತ ಮಾತ್ರ ಯೋಚ್ನೆ ಬರುತ್ತೆ. ನಂಗೆ ಬಂತು.

ಅದಕ್ಕೇ ಕೇಳ್ತಿರೋದು, ಇಂಥದ್ದು ಬಂದಾಗ ಫೋಟೋ ಕೆಳಗೆ 'ಕಲಾವಿದರ ಕಲ್ಪನೆ' ಅಂತ ದಪ್ಪ ಅಕ್ಷರದಲ್ಲಿ ಹಾಕಿ, ಸಿನಿಮಾ ನಾಟಕಕ್ಕೆ ಬರೆಸೋ ಹಾಗೆ ಇದಕ್ಕೂ ಒಂದು ವಿಮರ್ಶೆ ಬರೆಸಿ. ಮಕ್ಕಳಾಗ್ಲಿ ಅಂತ ಐವಿಎಫ್ ಟ್ರೀಟ್‌ಮೆಂಟ್‌ನಲ್ಲಿ ಇರೋರು ಇಂಥ ಸುದ್ದಿನ ಎಷ್ಟು ಆಸೆಯಿಂದ ಓದ್ತಾರೆ ಅನ್ನೋದೂ ಸ್ವಲ್ಪ ನೆನಪಿರ್ಲಿ. ಮತ್ತೆ ಇನ್ನೊಂದು, ಆ ಫ್ಯಾಕ್ಟರಿ ಸುದ್ದಿನ ಮಹಿಳಾ ಪುರವಣಿಯಲ್ಲಿ ಯಾಕೆ ಹಾಕಿದ್ರಿ, ಮಗು ವಿಷಯದಲ್ಲಿ ಗಂಡಸರದ್ದೂ ಅರ್ಧ ಪಾಲಿದೆ ಅಲ್ವಾ?

ಇಂತಿ,
ನಿಮ್ಮ ಓದುಗ