ಕೌದಿಯ ಮೇಲೆ ಮಗುವಿನ ಹೆಸರು

ಮಾನ್ಯ ಸಂಪಾದಕರೇ,

ಹಳೆಯ ಸೀರೆಗಳಿಂದ ಮಕ್ಕಳಿಗೆ ಕೌದಿ ಹೊಲಿಯುವವರು ಅದರಲ್ಲಿ ಮಗುವಿನ ಹೆಸರನ್ನೂ ಕನ್ನಡದಲ್ಲಿಯೇ ಮೂಡಿಸಬೇಕೆಂಬುದು ನನ್ನ ಕೋರಿಕೆ. ಬಿಳಿ ಹತ್ತಿ ಬಟ್ಟೆಯ ಪಟ್ಟಿಯೊಂದರ ಮೇಲೆ ಪೆನ್ಸಿಲಿನಿಂದ ಹೆಸರು ಬರೆದು, ಆ ಗೆರೆಯ ಮೇಲೆಯೇ ಸರಪಳಿ ಹೊಲಿಗೆ ಹಾಕಿ, ಅಂಚು ಮಡಚಿ ಕೌದಿಯ ಮೂಲೆಗೆ ಹೊಲಿದರೆ ಸಾಕು. ನಮ್ಮ ಅಕ್ಷರಗಳ ದುಂಡು ತಿರುವುಗಳಿಗೆ ಈ ಹೊಲಿಗೆ ಬಹಳ ಸೊಗಸಾಗಿ ಒಗ್ಗುತ್ತದೆ. ಒತ್ತಕ್ಷರವಿದ್ದರೆ ಮಾತ್ರ ತುಸು ದೊಡ್ಡದಾಗಿ ಬರೆದು, ಕಸೂತಿ ದಾರದ 6 ಎಳೆಗಳಲ್ಲಿ 2 ಎಳೆಗಳನ್ನಷ್ಟೇ ಬಳಸುವುದು ಒಳ್ಳೆಯದು. ಕೆಂಪು ದಾರ ಬಣ್ಣ ಬಿಡುತ್ತದೆಯೇ ಎಂದು ಮೊದಲೇ ನೆನೆಸಿ ನೋಡಬೇಕು. ಗುಂಡಿ, ಮಣಿಗಳಿಂದ ಹೆಸರು ಬರೆಯುವುದು ಅಂದವೆನಿಸಿದರೂ, ಅವು ಕಿತ್ತುಬಂದು ಎಳೆಯ ಮಗುವಿನ ಗಂಟಲಿಗೆ ಸಿಕ್ಕುವ ಅಪಾಯವಿರುವುದರಿಂದ ದಯವಿಟ್ಟು ಬೇಡ.

ಓದುಗರೊಬ್ಬರು, ಬಸವನಗುಡಿ, ಬೆಂಗಳೂರು