ಸ್ವಲ್ಪ ಎಡಕ್ಕೆ ಸರಿ

ಲೋ ಮಾರಾಯ,

ಹೆಸರು ಹಾಕಿಲ್ಲ, ಹೆದರಬೇಡ. ನಾಲ್ಕು ಜನ ಓದುವ ಜಾಗ ಇದು. ಛತ್ರಿ ವಿಷಯವನ್ನಂತೂ ಎತ್ತುವುದೇ ಇಲ್ಲ.

ಎರಡು ವಾರದಿಂದ ಹಳೇ ನೆಗೆಟಿವ್‌ಗಳನ್ನು ಸ್ಕ್ಯಾನ್ ಮಾಡುತ್ತಾ ಕೂತಿದ್ದೇನೆ. ಡಬ್ಬಿ ತೆಗೆದರೆ ವಿನಿಗರ್ ವಾಸನೆ. ಫಿಲ್ಮಿನ ಅಸಿಟೇಟ್ ಹಾಳಾಗಲು ಶುರುವಾದರೆ ಹಾಗೇ. ಒಂದು ರೋಲಿಗೆ ಬಂದರೆ ಪಕ್ಕದ್ದಕ್ಕೂ ಅಂಟುತ್ತೆ. ಅದಕ್ಕೇ ಈ ಅವಸರ.

ಆಗ ಜೀವ ತೇಯ್ದು ತೆಗೆದ ಫೋಟೋಗಳು ಈಗ ಸಪ್ಪೆ ಕಣೋ. ಉದ್ದ ನೆರಳು, ಹಾರುತ್ತಿರುವ ಕಾಲು, ಎಲ್ಲಾ ಬರೀ ಜಾಣತನ. ಹಿಂದುಗಡೆ ಸುಮ್ನೆ ಬಿದ್ದದ್ದೇ ಚೆನ್ನಾಗಿದೆ. ಕೈಯಲ್ಲಿ ಬರೆದ ಅಂಗಡಿ ಬೋರ್ಡು. ಫೋನ್ ಬೂತಿನ ಮುಂದೆ ಚಿಲ್ಲರೆ ಎಣಿಸುತ್ತಿರುವ ಹುಡುಗಿ. ಬಸ್ಸಿಗೆ ಕಾಯುತ್ತಿರುವ ಇಪ್ಪತ್ತು ಜನ, ಒಬ್ಬರೂ ತಲೆ ಬಗ್ಗಿಸಿಲ್ಲ!

ಅಮೆರಿಕದ ಬೀದಿ ಫೋಟೋಗ್ರಾಫರ್ ಗ್ಯಾರಿ ವಿನೋಗ್ರಾಂಡ್ ತಾನು ತೆಗೆದ ರೋಲ್‌ಗಳನ್ನು ವರ್ಷವೋ ಇನ್ನೂ ಜಾಸ್ತಿಯೋ ತೊಳೆಯದೇ ಇಡುತ್ತಿದ್ದ. ಕ್ಲಿಕ್ ಮಾಡಿದ ದಿನದ ಖುಷಿ ಇಳಿದ ಮೇಲೆ ನೋಡಬೇಕು ಅಂತ. 1984ರಲ್ಲಿ ಅವನು ಸತ್ತಾಗ ಸುಮಾರು 2,500 ರೋಲ್ ಹಾಗೇ ಉಳಿದಿದ್ದವು. ಈ ಕಥೆಯನ್ನು ನನ್ನ ಸೋಮಾರಿತನಕ್ಕೆ ಎಷ್ಟು ಸಲ ಬಳಸಿದ್ದೇನೆ ಅಂತ ನಿನಗೆ ಗೊತ್ತು.

ಆಮೇಲೆ ನೀನು ಸಿಕ್ಕೆ. 41 ಫ್ರೇಮಿನಲ್ಲಿ.

ನಮ್ಮ ಉಪಾಯ ನೆನಪಿದೆ ಅಲ್ವಾ? ನೀನು ಎದುರಿಗೆ ನಿಲ್ಲೋದು, ನಾನು ನಿನ್ನನ್ನೇ ತೆಗೆಯೋ ಹಾಗೆ ನಟಿಸಿ ಹಿಂದಿನವರನ್ನು ಹಿಡಿಯೋದು. (ಉಳಿದ ಓದುಗರೇ, ಇದನ್ನು ದೊಡ್ಡ ವಿದ್ಯೆ ಅಂದುಕೊಳ್ಳಬೇಡಿ, ಶುದ್ಧ ಪುಕ್ಕಲುತನ.) 35 ಎಂಎಂ ಲೆನ್ಸಿನಲ್ಲಿ ಬೆಳಕಿನ ಕಿಂಡಿಯನ್ನು ಎಫ್ 8ಕ್ಕೆ ಇಟ್ಟು, ಫೋಕಸ್ ಮೂರು ಮೀಟರಿಗೆ ನಿಲ್ಲಿಸಿದರೆ, ಎರಡರಿಂದ ಏಳು ಮೀಟರಿನವರೆಗೆ ಎಲ್ಲಾ ಸ್ಪಷ್ಟ. ನೀನು ನಿಲ್ಲುತ್ತಿದ್ದದ್ದು ಕೈಗೆಟುಕುವಷ್ಟು ಹತ್ತಿರ. ಹಾಗಾಗಿ ಪ್ರತಿ ಫ್ರೇಮಿನ ಅಂಚಿನಲ್ಲೂ ಒಂದು ಮಸುಕು ಕಿವಿ, ಅರ್ಧ ಭುಜ.

1838ರಲ್ಲಿ, ಫೋಟೋಗ್ರಫಿ ಕಂಡುಹಿಡಿದವರಲ್ಲಿ ಒಬ್ಬನಾದ ಡಗೇರ್ ಪ್ಯಾರಿಸ್ಸಿನ ಬೀದಿಯೊಂದನ್ನು ತೆಗೆದಾಗ ಓಡಾಡುತ್ತಿದ್ದ ಗಾಡಿ, ಜನ ಮೂಡಲೇ ಇಲ್ಲ. ಎಕ್ಸ್‌ಪೋಷರಿಗೆ ಎಷ್ಟೋ ನಿಮಿಷ ಬೇಕಿತ್ತಲ್ಲ. ಬೂಟು ಪಾಲಿಶ್ ಮಾಡಿಸಿಕೊಳ್ಳಲು ನಿಂತವನು ಉಳಿದುಕೊಂಡ. ನನ್ನ ರೋಲ್‌ಗಳಲ್ಲಿ ಉಲ್ಟಾ. ಹಾದುಹೋದವರ ಶರ್ಟಿನ ಗುಂಡಿ ಎಣಿಸಬಹುದು, ನನಗೋಸ್ಕರ ನಿಂತವನಿಗೆ ಮುಖವೇ ಇಲ್ಲ.

ಒಂದು ಸ್ಟ್ರಿಪ್ ಇದೆ. 22ರಿಂದ 27ನೇ ಫ್ರೇಮು. 22ರಲ್ಲಿ ಜೇಬಿನಿಂದ ಏನೋ ಕಾಗದ ತೆಗೆಯುತ್ತಿದ್ದೀಯ. 24ರಲ್ಲಿ ಅದನ್ನು ನನ್ನ ಕಡೆ ಹಿಡಿದಿದ್ದೀಯ, ಬಾಯಿ ತೆರೆದಿದೆ. 26ರಲ್ಲಿ ಕಾಗದ ಮಡಚುತ್ತಿದ್ದೀಯ. 27ರಲ್ಲಿ ಮತ್ತೆ ಕಿವಿ. ಹಿಂದಿದ್ದ ಮುದುಕನ ಟೋಪಿ ನನಗೆ ಈಗಲೂ ನೆನಪಿದೆ, ಅವನು ತಿರುಗಲಿ ಅಂತ ಉಸಿರು ಹಿಡಿದು ಕಾದದ್ದೂ ನೆನಪಿದೆ. ನೀನು ಹೇಳಿದ್ದು ಒಂದಕ್ಷರ ಇಲ್ಲ.

ಆ ವಾರವೇ ಅಲ್ವಾ ನೀನು ಊರು ಬಿಟ್ಟಿದ್ದು? "ಒಂದು ಮಾತು ಹೇಳದೇ ಹೋದ" ಅಂತ ಇಷ್ಟು ವರ್ಷ ಸಿಕ್ಕವರ ಮುಂದೆಲ್ಲಾ ನಿನ್ನನ್ನು ಬೈದಿದ್ದೇನೆ ಕಣೋ.

ಇದನ್ನು ಬರೆಯೋಕೆ ಕೂತಿರಲಿಲ್ಲ. ಕಿವಿಯ ಬಗ್ಗೆ ನಾಲ್ಕು ಜೋಕ್ ಹೊಡೆದು ಮುಗಿಸೋಣ ಅಂತಿದ್ದೆ.

ಸರಿ, ಕಿವಿಗೇ ಬರೋಣ. ಆಗಲೂ ದೊಡ್ಡದೇ ಇತ್ತು. 24ನೇ ಫ್ರೇಮನ್ನು ಪ್ರಿಂಟ್ ಹಾಕಿಸುತ್ತಿದ್ದೇನೆ, ನಿನ್ನನ್ನು ಕ್ರಾಪ್ ಮಾಡಲ್ಲ. ಮುದುಕ ಬೇರೆ ಆ ಫ್ರೇಮಿನಲ್ಲಿ ಕಣ್ಣು ಮುಚ್ಚಿದ್ದಾನೆ, ದರಿದ್ರದವನು. ವಿಳಾಸ ಕಳಿಸು. ಇಲ್ಲಿ ಬೇಡ, ಇನ್‌ಬಾಕ್ಸಿಗೆ.

ಇಂತಿ,
ಛತ್ರಿಯ ಹಕ್ಕುದಾರ